ಪಿವಿಡಿಎಫ್ ಫಿಲ್ಮ್‌ನ ಅವಕೆಂಪು ರೋಹಿತ: 1670ರ ಶಿಖರ ಎಲ್ಲಿಂದ ಬಂತು?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ)

ಪ್ರಾಜೆಕ್ಟ್‌ಗಾಗಿ ಪಿವಿಡಿಎಫ್ (ಫ್ಲೋರಿನ್ ಇರುವ ಒಂದು ಪಾಲಿಮರ್) ಪುಡಿಯನ್ನು ಡಿಎಂಎಫ್ ಎಂಬ ದ್ರಾವಕದಲ್ಲಿ ಕರಗಿಸಿ, ಗಾಜಿನ ತಟ್ಟೆಗೆ ಸುರಿದು, 60 ಡಿಗ್ರಿ ಓವನ್‌ನಲ್ಲಿ ರಾತ್ರಿಯಿಡೀ ಒಣಗಿಸಿ ಫಿಲ್ಮ್ ತೆಗೆದಿದ್ದೇನೆ. ಇಲ್ಲಿ ಎಫ್‌ಟಿಐಆರ್ (ಅವಕೆಂಪು ರೋಹಿತ ತೆಗೆಯುವ) ಉಪಕರಣ ಸಿಗದ ಕಾರಣ ಮಾದರಿಯನ್ನು ಬೆಂಗಳೂರಿಗೆ ಕಳುಹಿಸಿದ್ದೆ. ಬಂದ ರೋಹಿತದಲ್ಲಿ 763 ಮತ್ತು 840 ಸೆಂ.ಮೀ⁻¹ ಬಳಿ ನಿರೀಕ್ಷಿಸಿದ ಶಿಖರಗಳು (ಕ್ರಮವಾಗಿ ಆಲ್ಫಾ, ಬೀಟಾ ಎಂಬ ಸ್ಫಟಿಕ ರೂಪಗಳವು) ಇವೆಯಾದರೂ, 1670ರ ಬಳಿ ಮತ್ತೊಂದು ಶಿಖರ ಎದ್ದು ಕಾಣುತ್ತಿದೆ. 2000ದಿಂದ 2700ರವರೆಗೆ ಬೇಸ್‌ಲೈನ್ ಅಲೆಯಲೆಯಾಗಿದೆ. 763ರಲ್ಲಿ ಪಾರಕತೆ (ಫಿಲ್ಮ್ ದಾಟಿ ಬಂದ ಬೆಳಕಿನ ಪಾಲು) ಶೇ. 63, 840ರಲ್ಲಿ ಶೇ. 35.5. ಇವನ್ನು ಬೀಟಾ ಪಾಲು ಲೆಕ್ಕಹಾಕುವ ಸೂತ್ರಕ್ಕೆ ಹಾಕಿದರೆ ಬೀಟಾ ಪಾಲು ಶೇ. 31 ಮಾತ್ರ ಬರುತ್ತಿದೆ. ಇಷ್ಟು ಕಡಿಮೆ ಇರಲು ಸಾಧ್ಯವೇ?

ಉತ್ತರ 1 (ಚಿತ್ರದುರ್ಗ)

ಪಿವಿಡಿಎಫ್ ಸರಪಳಿಯಲ್ಲಿ ಕಾರ್ಬನ್ನಿಗೆ ಅಂಟಿಕೊಂಡಿರುವುದು ಹೈಡ್ರೋಜನ್ ಮತ್ತು ಫ್ಲೋರಿನ್ ಮಾತ್ರ. 1670ರ ಬಳಿ ಹೀರುವ ಕಾರ್ಬೊನಿಲ್ (C=O) ಗುಂಪೇ ಇಲ್ಲ, ಡಿಎಂಎಫ್‌ನಲ್ಲಿ ಇದೆ. ಆದ್ದರಿಂದ ಆ 1670 ನಿಮ್ಮ ಪಾಲಿಮರಿನದಲ್ಲ, ಫಿಲ್ಮ್‌ನೊಳಗೇ ಉಳಿದುಕೊಂಡ ಡಿಎಂಎಫ್‌ನದು. ಅದರ ಕುದಿಬಿಂದು 153 ಡಿಗ್ರಿ. ಮೇಲ್ಮೈ ಒಣಗಿ ಚರ್ಮಗಟ್ಟಿದ ಮೇಲೆ ಒಳಗಿನದು ಸುಲಭವಾಗಿ ಹೊರಬರುವುದಿಲ್ಲ. ಹಾಗೆಂದು ಮುಂದಿನ ಸಲ ಮೊದಲಿನಿಂದಲೇ ಓವನ್ನನ್ನು 120ಕ್ಕೆ ಏರಿಸಬೇಡಿ. ದ್ರಾವಣದಿಂದ ಸ್ಫಟಿಕಗಟ್ಟುವಾಗ ಸುಮಾರು 70 ಡಿಗ್ರಿಗಿಂತ ಕೆಳಗೆ ಬೀಟಾ ಹೆಚ್ಚು, 110ರ ಮೇಲೆ ಆಲ್ಫಾ ಹೆಚ್ಚು. ನಿರ್ವಾತ ಓವನ್‌ನಲ್ಲಿ 60 ಡಿಗ್ರಿಯಲ್ಲೇ ಇಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. ಡಿಎಂಎಫ್ ಚರ್ಮದ ಮೂಲಕವೂ ಮೈ ಸೇರುತ್ತದೆ. ಕೈಗವಸು, ಹೊಗೆಗೂಡು ಎರಡೂ ಬೇಕು.

ಉತ್ತರ 2 (ದಾವಣಗೆರೆ)

ಅಲೆಗಳು ದೋಷವಲ್ಲ, ಫಿಲ್ಮ್‌ನ ಎರಡೂ ಮೈಗಳಲ್ಲಿ ಪ್ರತಿಫಲಿಸಿದ ಕಿರಣಗಳ ವ್ಯತಿಕರಣ. ನನಗಂತೂ ಇದು ಬಿಟ್ಟಿ ಸಿಕ್ಕ ಅಳತೆಗೋಲು. ಅಲೆಗಳ ಸಂಖ್ಯೆಯನ್ನು, ವಕ್ರೀಭವನ ಸೂಚ್ಯಂಕ ಮತ್ತು ತರಂಗಸಂಖ್ಯೆಗಳ ಅಂತರದ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿ. 700 ಸೆಂ.ಮೀ⁻¹ ಅಂತರದಲ್ಲಿ 4 ಅಲೆಗಳಿದ್ದು ಸೂಚ್ಯಂಕ 1.42 ಎಂದಿಟ್ಟುಕೊಂಡರೆ ದಪ್ಪ ಸುಮಾರು 20 ಮೈಕ್ರಾನ್. 0.01 ಮಿ.ಮೀ. ಲಘುತಮ ಅಳತೆಯ ಸ್ಕ್ರೂಗೇಜ್ ಇಷ್ಟು ನಿಖರವಾಗಿ ಹೇಳಲಾರದು.

ಲೆಕ್ಕದ ಎಡವಟ್ಟು ಬೇರೆ. ಸೂತ್ರಕ್ಕೆ ಬೇಕಾದದ್ದು ಹೀರಿಕೆ, ಪಾರಕತೆಯಲ್ಲ. ಪಾರಕತೆಯ ಲಾಗ್ ತೆಗೆದು ಚಿಹ್ನೆ ಬದಲಿಸಿದರೆ 763ಕ್ಕೆ 0.20, 840ಕ್ಕೆ 0.45 ಸಿಗುತ್ತದೆ. 0.45ನ್ನು, 1.26ರಿಂದ ಗುಣಿಸಿದ 0.20 ಮತ್ತು 0.45ರ ಮೊತ್ತದಿಂದ ಭಾಗಿಸಿದರೆ ಶೇ. 64. 1.26 ಎಂಬುದು ಎರಡು ಶಿಖರಗಳ ಹೀರಿಕೆ ಗುಣಾಂಕಗಳ ಅನುಪಾತ.

ಮುದ್ರಿತ ಚಿತ್ರದಿಂದ ಓದಬೇಡಿ, ಅಂಕಿಗಳ ಕಡತವನ್ನೇ ಕೇಳಿ ತರಿಸಿಕೊಳ್ಳಿ. ಎಟಿಆರ್‌ನಲ್ಲಿ (ಮಾದರಿಯನ್ನು ಹರಳಿಗೆ ಒತ್ತಿ ಅದರ ಮೇಲ್ಪದರವನ್ನು ಅಳೆಯುವ ವಿಧಾನ) ಮಾಡಿಸುವುದಾದರೆ ವಜ್ರದ ಹರಳು 840ರ ಬಳಿ ಮೇಲಿನ ಸುಮಾರು 2 ಮೈಕ್ರಾನ್ ಮಾತ್ರ ನೋಡುತ್ತದೆ. ಗಾಳಿಗೆ ತೆರೆದಿದ್ದ ಮೈ, ಗಾಜಿಗೆ ತಾಗಿದ್ದ ಮೈ ಎರಡನ್ನೂ ಬೇರೆ ಬೇರೆಯಾಗಿ ಅಳೆಸಿ.

ಪ್ರಶ್ನೆ ಕೇಳಿದವರು

ಪಾರಕತೆಯನ್ನೇ ಹಾಕಿ ಮೂರು ದಿನ ತಲೆ ಕೆಡಿಸಿಕೊಂಡಿದ್ದೆ. ಈಗ 64 ಸರಿಹೋಯಿತು. ಅಷ್ಟನ್ನೂ ಬೀಟಾ ಎಂದೇ ಬರೆಯಬಹುದೇ?

ಉತ್ತರ 1 (ಚಿತ್ರದುರ್ಗ)

ಬೇಡ. 840ರಲ್ಲಿ ಗ್ಯಾಮಾ ಎಂಬ ಇನ್ನೊಂದು ಸ್ಫಟಿಕ ರೂಪ ಕೂಡ ಹೀರುತ್ತದೆ. 1275ರಲ್ಲಿ ಶಿಖರವಿದ್ದರೆ ಬೀಟಾ ಇದೆ, 1234ರಲ್ಲಿದ್ದರೆ ಗ್ಯಾಮಾ ಇದೆ. ಎರಡೂ ಇದ್ದರೆ ಆ ಶೇ. 64 ಬೀಟಾ, ಗ್ಯಾಮಾ ಎರಡರದೂ ಸೇರಿದ ಪಾಲು ಎಂದು ಬರೆಯಿರಿ.