ಕರೆಂಟು ಹೋದಾಗ ನಿಂತ ವಿಡಿಯೊ ಮತ್ತೆ ಮೊದಲಿಂದ ಇಳಿಸಬೇಕಾ?

ಮೂಡಿಗೆರೆ ಹತ್ತಿರದ ಹಳ್ಳಿ ನಮ್ಮದು. ಬ್ರಸೆಲ್ಸ್‌ನ ಫಾಸ್‌ಡೆಮ್ ಅನ್ನೋ ಮುಕ್ತ ತಂತ್ರಾಂಶ ಸಮ್ಮೇಳನದ ಗೋಷ್ಠಿಗಳ ವಿಡಿಯೊಗಳನ್ನು ರಾತ್ರಿ ಇಳಿಸಿಕೊಳ್ಳಲು ವೈಟಿ-ಡಿಎಲ್‌ಪಿ (ವಿಡಿಯೊ ಇಳಿಸೋ ತಂತ್ರಾಂಶ) ಬಳಸಿ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದಿದ್ದೇನೆ. ಮಳೆ ಹಿಡಿದರೆ ಕರೆಂಟು ಇರಲ್ಲ. ಬೆಳಿಗ್ಗೆ ನೋಡಿದರೆ ಮೂರನೇ ವಿಡಿಯೊದ್ದು 'ಪಾರ್ಟ್' ಫೈಲು, ಅಂದರೆ ಅರ್ಧ ಇಳಿದ ಫೈಲು ಮಾತ್ರ ಉಳಿದಿತ್ತು. ಕೋಡಿಂಗ್ ಕಲಿಯುತ್ತಿರೋ ತಂಗಿಗೆ ಇವನ್ನು ತೋರಿಸಲೇಬೇಕು. ಏನು ಮಾಡಲಿ?

ಉತ್ತರ 1: ಆ ಫೈಲು ಅಳಿಸಬೇಡಿ ಮಾರಾಯ್ರೆ! ಅದೇ ಫೋಲ್ಡರಿನಲ್ಲಿ ಸ್ಕ್ರಿಪ್ಟ್ ಮತ್ತೆ ಓಡಿಸಿ, ಸಾಮಾನ್ಯವಾಗಿ ನಿಂತಲ್ಲಿಂದಲೇ ಮುಂದುವರಿಯುತ್ತೆ. 'ಡೌನ್‌ಲೋಡ್-ಆರ್ಕೈವ್' ಆಯ್ಕೆಯನ್ನೂ ಸೇರಿಸಿ. ಮುಗಿದ ವಿಡಿಯೊಗಳ ಐಡಿ ಬರೆದಿಟ್ಟುಕೊಂಡು ಮುಂದಿನ ಸಲ ಅವನ್ನು ಬಿಟ್ಟುಬಿಡುತ್ತೆ.

ಉತ್ತರ 2: ಫಾಸ್‌ಡೆಮ್ ತನ್ನ ಸೈಟಿನಲ್ಲೇ ಫೈಲುಗಳನ್ನು ಇಟ್ಟಿದೆ, ನಿಂತಲ್ಲಿಂದ ಫೈಲು ಇಳಿಸೋ 'ಡಬ್ಲ್ಯುಗೆಟ್ -ಸಿ' ಕಮಾಂಡ್ ಕೂಡ ಸಾಕು. ಸ್ವಯಂಸೇವಕರು ನಡೆಸುವ ಸಮ್ಮೇಳನ ಅದು, ಅವರ ಸೈಟಿಗೆ ಹೊರೆಯಾಗದಂತೆ ಒಂದೊಂದು ಫೈಲಿನ ನಡುವೆ ಸ್ವಲ್ಪ ಬಿಡುವು ಕೊಡಿ.

ಕೇಳಿದವರು: ಮುಂದುವರಿತು! 62 ಶೇಕಡಾದಿಂದಲೇ ಶುರುವಾಯ್ತು. ತುಂಬಾ ಉಪಕಾರ ಆಯ್ತು.