ಪದಚರ್ಚೆ: ‘ಎಂಡ್-ಟೈಡಲ್ ಸಿಒ2’ಗೆ ಗೋಡೆಪಟದಲ್ಲಿ ಏನು ಬರೆಯೋಣ?

ಸ್ವಲ್ಪ ಅರ್ಜೆಂಟು. ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಬದುಕಿಸುವ ಕ್ರಮ) ಕಲಿಯುವ ನರ್ಸ್‌ಗಳಿಗೆ ಒಂದು ಗೋಡೆಪಟ ಅನುವಾದಿಸುತ್ತಿದ್ದೇನೆ, ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು. ‘ಎಂಡ್-ಟೈಡಲ್ ಕಾರ್ಬನ್ ಡೈಆಕ್ಸೈಡ್’ಗೆ ಸಿಕ್ಕಿಹಾಕಿಕೊಂಡಿದ್ದೇನೆ. ಉಸಿರು ಬಿಟ್ಟು ಮುಗಿಯುವ ಹೊತ್ತಿಗೆ ಬರುವ ಗಾಳಿಯಲ್ಲಿ ಆ ಅನಿಲ ಎಷ್ಟಿದೆ ಅನ್ನುವ ಅಳತೆ ಅದು. ಆರೋಗ್ಯವಂತರಲ್ಲಿ 35ರಿಂದ 45 ಮಿ.ಮೀ. ಪಾದರಸ. ‘ನಿಶ್ವಾಸಾಂತ್ಯ ಇಂಗಾಲದ ಡೈಆಕ್ಸೈಡ್’ ಅಂತ ಹಾಕಿದ್ದೇನೆ, ನನಗೇ ಹಿಡಿಸುತ್ತಿಲ್ಲ.

*

ನಿಶ್ವಾಸ ಬೇಡವೇ ಬೇಡ. ನಮ್ಮ ಶಾಲೆ ಪುಸ್ತಕದಲ್ಲಿ ಉಚ್ಛ್ವಾಸ ಅಂದರೆ ಒಳಗೆ, ಹಿಂದಿ ಪುಸ್ತಕದಲ್ಲಿ ‘ಉಚ್ಛ್ವಸನ’ ಅಂದರೆ ಹೊರಗೆ. ಇವೆರಡನ್ನೂ ಪರೀಕ್ಷೆಯಲ್ಲಿ ಅದಲುಬದಲು ಮಾಡದವರು ಯಾರಿದ್ದಾರೆ? ಉಸಿರು, ಸುಯ್, ಏದುಸಿರು, ನಿಟ್ಟುಸಿರು ಎಲ್ಲ ನಮ್ಮಲ್ಲೇ ಇರುವಾಗ ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕು? ‘ಕೊನೆಯುಸಿರಿನ ಇಂಗಾಲ’. ಮುಗೀತು.

*

ಮುಗೀತು ನಿಜ, ರೋಗಿಯ ಕಥೆ! ಬದುಕಿಸಲು ಎದೆ ಒತ್ತುತ್ತಿರುವವರ ತಲೆ ಮೇಲೆ ‘ಕೊನೆಯುಸಿರು’ ಅಂತ ದಪ್ಪಕ್ಷರದಲ್ಲಿ ನೇತುಹಾಕೋಣವಾ? ಆಮೇಲೆ, ಇಂಗಾಲ ಬೇರೆ, ಇಂಗಾಲದ ಡೈಆಕ್ಸೈಡ್ ಬೇರೆ. ನಿಮ್ಮ ಅಚ್ಚಗನ್ನಡದ ಇಂಗಾಲವೂ ಸಂಸ್ಕೃತದ ಅಂಗಾರದಿಂದಲೇ ಬಂದದ್ದು. ಧೈರ್ಯ ಇದ್ದರೆ ಇದ್ದಲು ಅನ್ನಿ.

*

ತದ್ಭವ ಆದಮೇಲೆ ನಮ್ಮದಾಯ್ತು. ‘ಅಕ್ಕರ’ವನ್ನು ವಾಪಸ್ ಕೊಡುತ್ತೀರಾ? ಈ ಅಳತೆಯನ್ನು ಗೆರೆಯಾಗಿ ತೋರಿಸುವುದಕ್ಕೆ ಇಂಗ್ಲಿಷಿನವರು ಅನ್ನುವ ‘ಕ್ಯಾಪ್ನೋಗ್ರಫಿ’ಯೂ ಗ್ರೀಕಿನ ‘ಕಪ್ನೋಸ್’ನಿಂದ ತಂದ ಸಾಲ, ಅರ್ಥ ಹೊಗೆ. ಅವರು ಸಾಲ ಮಾಡಿದರೆ ಶಾಸ್ತ್ರ, ನಾವು ‘ಹೊಗೆಬರಹ’ ಅಂದರೆ ನಗು.

*

ನಾನು ಆಪರೇಷನ್ ಥಿಯೇಟರಿನಲ್ಲಿ ಇರುವವಳು. ಅಲ್ಲಿ ಯಾರೂ ಹೊಗೆಯೂ ಅನ್ನಲ್ಲ, ನಿಶ್ವಾಸವೂ ಅನ್ನಲ್ಲ. ‘ಸಿಒಟೂ ಎಷ್ಟು?’ ಅಷ್ಟೇ. ಪರದೆ ಮೇಲೆ ಪ್ರತಿ ಉಸಿರಿಗೂ ಒಂದು ಗೆರೆ ಏರಿ, ಮೇಲೆ ಸ್ವಲ್ಪ ಸಮನಾಗಿ ಹೋಗಿ, ಥಟ್ಟನೆ ಇಳಿಯುತ್ತೆ. ಆ ಸಮಗೆರೆಯ ತುದಿಯಲ್ಲಿ ಸಿಗುವ ಅಂಕಿ ನೀವು ಕೇಳುತ್ತಿರುವುದು. ಮೈಯೆಲ್ಲ ಹುಟ್ಟುವ ಈ ಅನಿಲವನ್ನು ಶ್ವಾಸಕೋಶಕ್ಕೆ ಮುಟ್ಟಿಸುವುದು ರಕ್ತ. ಹೃದಯ ನಿಂತಾಗ ರಕ್ತ ಓಡಿಸುವುದು ಒತ್ತುವವರ ಕೈ ಮಾತ್ರ, ಹಾಗಾಗಿ ಅಂಕಿ ಹೇಳುವುದು ಜಾಸ್ತಿ ಆ ಕೈಯ ಸುದ್ದಿಯನ್ನೇ: ದಣಿದರೆ ಇಳಿಯುತ್ತೆ, ಎರಡು ನಿಮಿಷಕ್ಕೆ ಬೇರೆಯವರು ಬಂದರೆ ಏರುತ್ತೆ. 10ಕ್ಕಿಂತ ಕೆಳಗೇ ಇದ್ದರೆ ಒತ್ತುವ ರೀತಿ ಸರಿಮಾಡಬೇಕು. ಇದ್ದಕ್ಕಿದ್ದಂತೆ 35-40ಕ್ಕೆ ಹಾರಿದರೆ ಹೃದಯ ಮತ್ತೆ ಬಡಿಯುತ್ತಿರಬಹುದು, ನಾಡಿ ನೋಡಿ. ಉಸಿರಾಟಕ್ಕೆ ಹಾಕಿದ ನಳಿಗೆ ಶ್ವಾಸನಾಳದ ಬದಲು ಅನ್ನನಾಳಕ್ಕೆ ಹೋಗಿದ್ದರೂ ಈ ಗೆರೆಯೇ ಹಿಡಿದುಕೊಡುತ್ತೆ. ಪಟದಲ್ಲಿ ‘ಬಿಡುವ ಉಸಿರಿನ ಸಿಒ2’ ಅಂತ ಬರೆಯಿರಿ. ಪಕ್ಕದಲ್ಲಿ ಯಂತ್ರದ ಮೇಲಿರುವ ‘ಇಟಿಸಿಒ2’ (ಎಂಡ್-ಟೈಡಲ್ ಸಿಒ2ದ ಗಿಡ್ಡ ರೂಪ) ಹಾಗೇ ಇರಲಿ, ಹುಡುಗೀರು ಪರದೆ ಮೇಲೆ ಹುಡುಕುವುದು ಅದನ್ನೇ.

*

‘ಬಿಡುಸಿರು’ ಅಂತಾದರೂ ಸಮಾಸ ಮಾಡಿ. ‘ಬಿಡುವ ಉಸಿರು’ ವಿವರಣೆ, ಪದವಲ್ಲ.

*

ವಿವರಣೆಯೇ ಸಾಕು ಸಾರ್, ‘ಬಿಡುಸಿರು’ ಓದಿದವರು ಉಸಿರು ಬಿಡಿ ಅಂತ ತಿಳಿದಾರು. ಹೀಗೆ ಕಳಿಸಿದ್ದೇನೆ: ‘ಬಿಡುವ ಉಸಿರಿನ ಸಿಒ2 (ಇಟಿಸಿಒ2) 10ಕ್ಕಿಂತ ಕಡಿಮೆಯೇ? 5-6 ಸೆಂ.ಮೀ. ಒತ್ತುತ್ತಿದ್ದೀರಾ ನೋಡಿ. ದಣಿದವರನ್ನು ಬದಲಿಸಿ.’ ಎಲ್ಲರಿಗೂ ಥ್ಯಾಂಕ್ಸ್.

*

ಕನ್ನಡ ಪಟದಲ್ಲಿ ‘ಸಿ’, ‘ಒ’ ಬೇಕಿತ್ತಾ? ಸುಮ್ನೆ ‘ಕರಿಗಾಳಿ’ ಅನ್ನಬಹುದಿತ್ತು.

*

ಅದಕ್ಕೆ ಬಣ್ಣವೇ ಇಲ್ಲ ಮಾರಾಯ್ರೆ.