ಸಹಾಯ ಬೇಕು: ಬ್ರಾಹ್ಮಿ ತುಪ್ಪ ಒಲೆಯಿಂದ ಯಾವಾಗ ಇಳಿಸಬೇಕು?

ಎಲ್ಲರಿಗೂ ನಮಸ್ಕಾರ. ಅತ್ತೆಯವರಿಗೆ ನಿದ್ದೆ ಸರಿಯಾಗಿ ಬರುವುದಿಲ್ಲ, ಮರೆವೂ ಇದೆ. ವೈದ್ಯರು ಬ್ರಾಹ್ಮಿ ತುಪ್ಪ ಹೇಳಿದ್ದಾರೆ. ಮರೆವು ಪೂರ್ತಿ ಹೋಗುತ್ತೆ ಅನ್ನೋ ಆಸೆ ನನಗಿಲ್ಲ, ನಿದ್ದೆ ಬಂದರೆ ಸಾಕು.

ಬಜೆ, ಕೋಷ್ಠ, ಶಂಖಪುಷ್ಪಿ ಅರೆದ ಕಲ್ಕ (ಮುದ್ದೆ) 1 ಪಾಲು, ತುಪ್ಪ 4, ಬ್ರಾಹ್ಮಿ ರಸ 16. ಸಣ್ಣ ಉರಿಯಲ್ಲಿ ಕಾಯಿಸುತ್ತಿದ್ದೇನೆ. ನೊರೆ ಇಳಿದಿದೆ. ಕಲ್ಕ ಬೆರಳಲ್ಲಿ ಹೊಸೆದರೆ ಬತ್ತಿಯಾಗುತ್ತದೆ. ಆದರೆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಇನ್ನೂ ಚಟಪಟ ಅನ್ನುತ್ತದೆ, ಅಂದರೆ ನೀರಿನಂಶ ಉಳಿದಿದೆ ಅಲ್ವಾ? ಹೀಗೇ ಇಳಿಸಿದರೆ ತುಪ್ಪ ಕೆಡುತ್ತದೆ. ಜಾಸ್ತಿ ಕಾದು ಖರಪಾಕವಾದರೆ, ಅಂದರೆ ಹದ ಮೀರಿದರೆ, ಮೈಗೆ ಹಚ್ಚೋಕಷ್ಟೇ.

ಮನೆಯಲ್ಲಿ ಮಾಡಿದವರು ಯಾರಾದರೂ ಇದ್ದೀರಾ? ಆ ಕೊನೆಯ ಹದ ಹೇಗೆ ಹಿಡಿಯುತ್ತೀರಿ? ಅತ್ತೆಯವರಿಗೆ ಕೊಲೆಸ್ಟ್ರಾಲ್ ಮಾತ್ರೆ ಇದೆ, ಆ ವಿಷಯ ವೈದ್ಯರನ್ನೇ ಕೇಳುತ್ತೇನೆ.